ಆಂಪ್ಸ್ ಇಳಿದರೆ ಬಿಲ್ಲೂ ಇಳಿಯುತ್ತದೆಯೇ?

ಪ್ರಶ್ನೆ: ಕಾರಟಗಿ ಹತ್ತಿರ ನಮ್ಮದೊಂದು ರೈಸ್ ಮಿಲ್ ಇದೆ. 11 ಕೆವಿ ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್, ಸ್ವಂತ 250 ಕೆವಿಎ ಟ್ರಾನ್ಸ್‌ಫಾರ್ಮರ್, ಕಾಂಟ್ರ್ಯಾಕ್ಟ್ ಡಿಮ್ಯಾಂಡ್ (ಒಪ್ಪಂದದಂತೆ ಬಳಸಬಹುದಾದ ಗರಿಷ್ಠ ಲೋಡ್) 200 ಕೆವಿಎ. ಸೀಸನ್ನಿನಲ್ಲಿ ತಿಂಗಳಿಗೆ 40,000 ಯೂನಿಟ್ ಆಸುಪಾಸು ಓಡುತ್ತದೆ. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ 0.78 ಎಂದು ಬರುತ್ತಿದೆ. ಗೋಡೆಗೆ ಹಳೆಯ 10 ಕೆವಿಎಆರ್‌ನ ಮೂರು ಕೆಪಾಸಿಟರ್ ಇವೆ, ಜೀವ ಇದೆಯೋ ಇಲ್ಲವೋ ಗೊತ್ತಿಲ್ಲ. ಕಳೆದ ವಾರ ಒಂದು ಕಂಪನಿಯವರು ಬಂದು ಡೆಮೊ ಕೆಪಾಸಿಟರ್ ಹಾಕಿ ತೋರಿಸಿದರು. ಮೇನ್ ಕೇಬಲ್ಲಿನಲ್ಲಿ 235 ಇದ್ದ ಆಂಪ್ಸ್ 187ಕ್ಕೆ ಇಳಿಯಿತು. "100 ಕೆವಿಎಆರ್‌ನ ಎಪಿಎಫ್‌ಸಿ (ಪವರ್ ಫ್ಯಾಕ್ಟರನ್ನು ತಾನಾಗಿ ಸರಿಪಡಿಸುವ) ಪ್ಯಾನೆಲ್ ಹಾಕಿಸಿ, ಶೇ 20 ಕರೆಂಟ್ ಉಳಿತಾಯ" ಎನ್ನುತ್ತಾರೆ. ಕೊಟೇಶನ್ 1.6 ಲಕ್ಷ. ಇನ್ನೊಬ್ಬರು ರಿಯಾಕ್ಟರ್ ಸಮೇತ 2.75 ಲಕ್ಷ ಹೇಳಿದ್ದಾರೆ. ಮುಂದಿನ ವರ್ಷ ಶೆಡ್ ಮೇಲೆ ಸೋಲಾರ್ ಹಾಕಿಸುವ ಯೋಚನೆಯೂ ಇದೆ. ಪ್ಯಾನೆಲ್ ಹಾಕಿಸಬೇಕೇ? ಹಾಕಿಸಿದರೆ ಯಾವುದು?

ಉತ್ತರ: ಹಾಕಿಸಿ. ಆದರೆ ಯೂನಿಟ್ ಶೇ 20 ಕಡಿಮೆಯಾಗುತ್ತದೆಂದು ನಂಬಿ ಹಾಕಿಸಬೇಡಿ. ಯೂನಿಟ್ ಇಳಿಯುವುದು ಶೇ 1ಕ್ಕಿಂತಲೂ ಕಡಿಮೆ. ದುಡ್ಡು ಉಳಿಯುವುದು ಬಿಲ್ಲಿನ ಬೇರೆ ಎರಡು ಸಾಲುಗಳಲ್ಲಿ. ಅದರಲ್ಲಿ ಒಂದು ತಾನಾಗಿ ಇಳಿಯುತ್ತದೆ, ಇನ್ನೊಂದಕ್ಕೆ ನೀವೇ ಅರ್ಜಿ ಹಿಡಿದು ಹೋಗಬೇಕು.

ಮೊದಲು ಡೆಮೊ ವಿಚಾರ. ನಿಮ್ಮ ಕಣ್ಣಿಗೆ ಕಂಡದ್ದು ಸುಳ್ಳಲ್ಲ. ಟಾಂಗ್ ಟೆಸ್ಟರ್ ತೋರಿಸಿದ 235 ನಿಜ, 187 ಕೂಡ ನಿಜ. ಆದರೆ ಟಾಂಗ್ ಟೆಸ್ಟರ್ ಅಳೆಯುವುದು ಆಂಪ್ಸ್. ನಿಮ್ಮ ಮೀಟರ್ ಯೂನಿಟ್ ಎಂದು ಎಣಿಸುವುದು ಕಿಲೋವ್ಯಾಟ್ ಗಂಟೆ. 235 ಆಂಪ್ಸ್ ಅಂದರೆ 415 ವೋಲ್ಟಿನಲ್ಲಿ ಸುಮಾರು 169 ಕೆವಿಎ. ಕೆವಿಎ ಅಂದರೆ ಲೈನಿನ ಮೇಲೆ ಬೀಳುವ ಒಟ್ಟು ಹೊರೆ, ಅದರಲ್ಲಿ ನಿಜವಾದ ಕೆಲಸಕ್ಕೆ ಹೋಗುವ ಪಾಲೇ ಪವರ್ ಫ್ಯಾಕ್ಟರ್. 169ನ್ನು 0.78ರಿಂದ ಗುಣಿಸಿದರೆ 132 ಕಿಲೋವ್ಯಾಟ್. 187 ಆಂಪ್ಸ್ ಅಂದರೆ 134 ಕೆವಿಎ ಚಿಲ್ಲರೆ. ಈಗ ಪವರ್ ಫ್ಯಾಕ್ಟರ್ 0.98 ಆಗಿದೆ, ಗುಣಿಸಿ ನೋಡಿ, ಮತ್ತೆ ಅದೇ 132 ಕಿಲೋವ್ಯಾಟ್. ಶೆಲ್ಲರ್, ಪಾಲಿಶರ್, ಎಲಿವೇಟರುಗಳು ಮಾಡಿದ ಕೆಲಸ ಬದಲಾಗಲಿಲ್ಲ, ತಿಂದ ಕರೆಂಟೂ ಬದಲಾಗಲಿಲ್ಲ. ಮುಂದಿನ ಸಲ ಯಾರಾದರೂ ಡೆಮೊ ತೋರಿಸಲು ಬಂದರೆ ಟಾಂಗ್ ಟೆಸ್ಟರನ್ನು ಪಕ್ಕಕ್ಕಿಟ್ಟು ಪ್ಯಾನೆಲ್ ಮೀಟರಿನಲ್ಲಿ ಕಿಲೋವ್ಯಾಟ್ ಎಷ್ಟಿದೆ ಎಂದು ಕೇಳಿ. ಮಾತು ಅಲ್ಲಿಗೆ ನಿಲ್ಲುತ್ತದೆ.

ಹಾಗಾದರೆ ಮೊದಲು ಹರಿಯುತ್ತಿದ್ದ ಆ ಹೆಚ್ಚಿನ 48 ಆಂಪ್ಸ್ ಏನು ಮಾಡುತ್ತಿತ್ತು? ಇಂಡಕ್ಷನ್ ಮೋಟಾರ್ ತಿರುಗಬೇಕಾದರೆ ಒಳಗೆ ಕಾಂತಕ್ಷೇತ್ರ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ಶಕ್ತಿಯನ್ನು ಅದು ಲೈನಿನಿಂದ ತೆಗೆದುಕೊಳ್ಳುತ್ತದೆ, ಮರುಕ್ಷಣ ವಾಪಸ್ ಕೊಡುತ್ತದೆ, ಸೆಕೆಂಡಿಗೆ 100 ಸಲ. ಹೀಗೆ ಬರೀ ಹೋಗಿಬರುವುದನ್ನು ಅಳೆಯುವುದೇ ಕೆವಿಎಆರ್‌ನಲ್ಲಿ. ಗಂಗಾವತಿಯಿಂದ ಲೋಡ್ ಮಾಡಿದ ಲಾರಿಯೊಂದು ರಾಯಚೂರಿಗೆ ಹೋಗಿ, ಒಂದು ಚೀಲವನ್ನೂ ಇಳಿಸದೆ ಹಾಗೇ ವಾಪಸ್ ಬಂದಂತೆ. ಅಕ್ಕಿ ಯಾರಿಗೂ ಮುಟ್ಟಲಿಲ್ಲ, ಆದರೆ ರಸ್ತೆ ತುಂಬಿತು, ಡೀಸೆಲ್ ಸುಟ್ಟಿತು. ಕೆಪಾಸಿಟರ್ ಮಾಡುವುದಿಷ್ಟೇ: ಆ ಲಾರಿಗೆ ನಿಮ್ಮ ಕಾಂಪೌಂಡಿನೊಳಗೇ ಒಂದು ಗೋದಾಮು ಕಟ್ಟಿಕೊಡುತ್ತದೆ. ಹೋಗಿಬರುವ ಆಟ ಮೋಟಾರಿಗೂ ಗೋದಾಮಿಗೂ ನಡುವೆಯೇ ಮುಗಿಯುತ್ತದೆ, ಹೊರಗಿನ ರಸ್ತೆ ಖಾಲಿಯಾಗುತ್ತದೆ.

ಸುಟ್ಟ ಡೀಸೆಲ್ಲಿನ ಲೆಕ್ಕವನ್ನೂ ಮಾಡಿಬಿಡೋಣ. ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ಆಂಪ್ಸ್‌ನ ವರ್ಗದಂತೆ ಏರಿಳಿಯುತ್ತದೆ. 235ರಿಂದ 187ಕ್ಕೆ ಬಂದರೆ ಆ ನಷ್ಟ ಶೇ 37ರಷ್ಟು ಕಡಿಮೆ. ಕೇಳಲು ದೊಡ್ಡದು. ಆದರೆ ನಿಮ್ಮ ಟ್ರಾನ್ಸ್‌ಫಾರ್ಮರ್ ಮತ್ತು ಮೇನ್ ಕೇಬಲ್ ಸೇರಿ ಹೀಗೆ ಹಾಳಾಗುವುದು ಒಟ್ಟು ಯೂನಿಟ್ಟಿನ ಶೇ 2 ಎಂದಿಟ್ಟುಕೊಂಡರೂ, ಅದರಲ್ಲಿ ಶೇ 37 ಅಂದರೆ 40,000ಕ್ಕೆ 300 ಯೂನಿಟ್. ಅಷ್ಟೇ. ಅದೂ ಕೆಪಾಸಿಟರ್ ಇರುವ ಜಾಗದಿಂದ ಮೀಟರಿನ ಕಡೆಗಿರುವ ತಂತಿಯಲ್ಲಿ ಮಾತ್ರ. ಪ್ಯಾನೆಲ್ಲಿನಿಂದ ಮೋಟಾರಿನವರೆಗಿನ ಕೇಬಲ್ಲಿಗೆ ಏನೂ ಗೊತ್ತಾಗುವುದಿಲ್ಲ. ಮನೆಯ ಪ್ಲಗ್ಗಿಗೆ ಸಿಕ್ಕಿಸುವ "ಪವರ್ ಸೇವರ್" ಡಬ್ಬಿಗಳ ಒಳಗೂ ಹೆಚ್ಚಾಗಿ ಇರುವುದು ಒಂದು ಸಣ್ಣ ಕೆಪಾಸಿಟರ್ ಮತ್ತು ಒಂದು ಹಸಿರು ದೀಪ. ದೀಪ ಮಾತ್ರ ಕರೆಂಟ್ ತಿನ್ನುತ್ತದೆ.

ಮಾರುವವರಿಗೆ ಈ ಶೇ 20 ಎಲ್ಲಿಂದ ಬಂತು ಎಂಬುದಕ್ಕೂ ಕಾರಣವಿದೆ. ಗಡಿಯಾಚೆ ತೆಲಂಗಾಣ, ಆಂಧ್ರಗಳಲ್ಲಿ ಎಚ್‌ಟಿ ಕೈಗಾರಿಕೆಯವರಿಗೆ ಯೂನಿಟ್ ಎಣಿಸುವುದೇ ಕೆವಿಎ ಗಂಟೆಯಲ್ಲಿ. ಮಹಾರಾಷ್ಟ್ರದಲ್ಲಿಯೂ 2020ರ ಏಪ್ರಿಲ್‌ನಿಂದ ಎಚ್‌ಟಿಗೆ ಇದೇ ಪದ್ಧತಿ. ನಿಮ್ಮ ಮಿಲ್ಲು ಆ ಕಡೆ ಇದ್ದಿದ್ದರೆ 0.78ರಲ್ಲಿ ನಿಮ್ಮ 40,000 ಯೂನಿಟ್ 51,000 ದಾಟಿ ದಾಖಲಾಗುತ್ತಿತ್ತು; ಪ್ಯಾನೆಲ್ ಹಾಕಿಸಿದ ಮೇಲೆ 41,000ಕ್ಕೆ ಇಳಿಯುತ್ತಿತ್ತು. ಸರಿಯಾಗಿ ಶೇ 20. ಅಲ್ಲಿನ ಭಾಷಣವನ್ನೇ ಇಲ್ಲಿ ಬಂದೂ ಮಾಡಿದ್ದಾರೆ. ನಮ್ಮಲ್ಲಿ ಯೂನಿಟ್ ಇನ್ನೂ ಕಿಲೋವ್ಯಾಟ್ ಗಂಟೆಯದೇ.

ಈಗ ನಿಮ್ಮ ಜೆಸ್ಕಾಂ ಬಿಲ್ಲನ್ನು ಕೈಗೆತ್ತಿಕೊಳ್ಳಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳಲ್ಲಿ ಬಹುಕಾಲದಿಂದ ಇರುವ ನಿಯಮ ಇದು: ಎಚ್‌ಟಿ ಗ್ರಾಹಕರ ಸರಾಸರಿ ಪವರ್ ಫ್ಯಾಕ್ಟರ್ 0.90ಕ್ಕಿಂತ ಕೆಳಗೆ ಹೋದರೆ, ಪ್ರತಿ 0.01 ಕುಸಿತಕ್ಕೆ ಬಳಸಿದ ಪ್ರತಿ ಯೂನಿಟ್ಟಿನ ಮೇಲೆ 3 ಪೈಸೆ ದಂಡ. ನಿಮ್ಮದು 0.78. ಅಂದರೆ 12 ಮೆಟ್ಟಿಲು ಕೆಳಗೆ, ಯೂನಿಟ್ಟಿಗೆ 36 ಪೈಸೆ. 40,000 ಯೂನಿಟ್ಟಿಗೆ 14,400 ರೂಪಾಯಿ, ಪ್ರತಿ ತಿಂಗಳೂ. ಬಿಲ್ಲಿನಲ್ಲಿ "ಪಿಎಫ್ ಸರ್‌ಚಾರ್ಜ್" ಅಥವಾ "ಪಿಎಫ್ ಪೆನಾಲ್ಟಿ" ಎಂಬ ಸಾಲು ಹುಡುಕಿ, ಅದು ಅಲ್ಲಿ ಕೂತಿರುತ್ತದೆ. ಪ್ಯಾನೆಲ್ ಸರಿಯಾಗಿ ನಡೆದರೆ ಮುಂದಿನ ತಿಂಗಳಿಂದಲೇ ಈ ಸಾಲು ಸೊನ್ನೆ.

ಎರಡನೆಯದು ಡಿಮ್ಯಾಂಡ್ ಚಾರ್ಜ್. ಇಲ್ಲಿ ಬಹಳ ಜನ ಎಡವುತ್ತಾರೆ. ನಿಮ್ಮ ರೆಕಾರ್ಡೆಡ್ ಡಿಮ್ಯಾಂಡ್ (ತಿಂಗಳಲ್ಲಿ ಮೀಟರ್ ದಾಖಲಿಸಿದ ಅತಿ ಹೆಚ್ಚು ಕೆವಿಎ) 169ರಿಂದ 135 ಕೆವಿಎಗೆ ಇಳಿಯುತ್ತದೆ, ಕೆವಿಎಗೆ ತಿಂಗಳಿಗೆ 300 ರೂಪಾಯಿಯ ಮೇಲೆಯೇ ದರ ಇದೆ, ಹಾಗಾಗಿ 34 ಕೆವಿಎಗೆ 10,000 ಉಳಿಯಿತು ಎಂದು ಖುಷಿಪಟ್ಟು ಬಿಲ್ ನೋಡಿದರೆ ಒಂದು ಪೈಸೆಯೂ ಇಳಿದಿರುವುದಿಲ್ಲ. ಯಾಕೆಂದರೆ ಬಿಲ್ ಮಾಡುವುದು ದಾಖಲಾದ ಡಿಮ್ಯಾಂಡಿಗೆ ಅಥವಾ ಕಾಂಟ್ರ್ಯಾಕ್ಟ್ ಡಿಮ್ಯಾಂಡಿನ ಒಂದು ನಿಗದಿತ ಭಾಗಕ್ಕೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ. ಆ ಭಾಗ ಶೇ 85 ಎಂದಿಟ್ಟುಕೊಂಡು ಲೆಕ್ಕ ಹಾಕುತ್ತೇನೆ. ದರ ಆದೇಶದ ಜೊತೆ ಇದು ಬದಲಾಗುತ್ತದೆ, ನಿಮ್ಮ ಬಿಲ್ಲಿನಲ್ಲಿ ಎಷ್ಟಿದೆ ನೋಡಿಕೊಳ್ಳಿ. 200ರ ಶೇ 85 ಅಂದರೆ 170. ನೀವು 135 ಬಳಸಿ, 100 ಬಳಸಿ, 170ಕ್ಕೇ ಕಟ್ಟುತ್ತೀರಿ. ಉಳಿತಾಯ ಕೈಗೆ ಬರಬೇಕಾದರೆ ಕಾಂಟ್ರ್ಯಾಕ್ಟ್ ಡಿಮ್ಯಾಂಡನ್ನೇ ಇಳಿಸಲು ಅರ್ಜಿ ಕೊಡಬೇಕು. 160ಕ್ಕೆ ಇಳಿಸಿದರೆ ಶೇ 85 ಅಂದರೆ 136. ಆಗ ಆ 10,000 ನಿಜವಾಗುತ್ತದೆ. ಆದರೆ ಪ್ಯಾನೆಲ್ ಬಂದ ಮರುದಿನವೇ ಅರ್ಜಿ ಹಾಕಬೇಡಿ. ಭತ್ತದ ರಾಶಿ ಬಿದ್ದು ಡ್ರೈಯರ್, ಪಾಲಿಶರ್ ಎಲ್ಲ ಒಟ್ಟಿಗೆ ಓಡುವ ತಿಂಗಳು ಒಂದಾದರೂ ಕಳೆಯಲಿ. ಇಳಿಸಿದ ಮೇಲೆ ಮಿತಿ ಮೀರಿದರೆ ಮೀರಿದ ಭಾಗಕ್ಕೆ ದುಪ್ಪಟ್ಟು ದರ ಬೀಳುತ್ತದೆ, ಉಳಿಸಿದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ.

ಹೊಸದನ್ನು ಕೊಳ್ಳುವ ಮೊದಲು ಗೋಡೆಯ ಮೇಲಿನ ಆ ಮೂರು ಹಳೆಯ ಕೆಪಾಸಿಟರುಗಳನ್ನು ಪರೀಕ್ಷಿಸಿ, ಖರ್ಚಿಲ್ಲದ ಕೆಲಸ. 440 ವೋಲ್ಟಿನ 10 ಕೆವಿಎಆರ್ ಕೆಪಾಸಿಟರ್ 415 ವೋಲ್ಟಿನಲ್ಲಿ ಪ್ರತಿ ಫೇಸಿಗೆ ಸುಮಾರು 12.4 ಆಂಪ್ಸ್ ಎಳೆಯಬೇಕು. ಮೂರು ಫೇಸಿನಲ್ಲೂ ಟಾಂಗ್ ಹಾಕಿ ನೋಡಲಿ. 4, 5 ತೋರಿಸಿದರೆ, ಅಥವಾ ಒಂದು ಫೇಸ್ ಸೊನ್ನೆ ಇದ್ದರೆ, ಅದು ಗೋಡೆಯ ಅಲಂಕಾರ. ಬಿಚ್ಚುವ ಮೊದಲು ಸಪ್ಲೈ ತೆಗೆದು ಐದು ನಿಮಿಷ ಬಿಡಬೇಕು, ಆಮೇಲೂ ಟರ್ಮಿನಲ್ಲುಗಳನ್ನು ಡಿಸ್ಚಾರ್ಜ್ ಮಾಡಿಯೇ ಮುಟ್ಟಬೇಕು. ಡಿಸ್ಚಾರ್ಜ್ ರೆಸಿಸ್ಟರ್ ಸುಟ್ಟುಹೋದ ಹಳೆಯ ಕೆಪಾಸಿಟರ್ ಬಹಳ ಹೊತ್ತು ಚಾರ್ಜ್ ಹಿಡಿದುಕೊಂಡಿರುತ್ತದೆ.

ನಿಮ್ಮ ಲೋಡಿಗೆ ಎಷ್ಟು ಕೆವಿಎಆರ್ ಬೇಕು? 132 ಕಿಲೋವ್ಯಾಟಿಗೆ 0.78ರಿಂದ 0.98ಕ್ಕೆ ಏರಲು 79 ಬೇಕು. 100ರ ಪ್ಯಾನೆಲ್ ಸರಿಯಾದ ಅಳತೆಯೇ, ಅದರಲ್ಲಿ ಮಾರುವವರು ಮೋಸ ಮಾಡಿಲ್ಲ. ಆದರೆ ಮೆಟ್ಟಿಲುಗಳನ್ನು (ಬೇರೆಬೇರೆಯಾಗಿ ಆನ್, ಆಫ್ ಆಗುವ ಕೆಪಾಸಿಟರ್ ಗುಂಪುಗಳನ್ನು) ಹೇಗೆ ಒಡೆದಿದ್ದಾರೆ ಎಂದು ಕೇಳಿ. 25ರ ನಾಲ್ಕು ಎಂದರೆ ಬೇಡ ಎನ್ನಿ. 5, 5, 10, 10, 20, 25, 25 ಎಂದು ಒಡೆಸಿ. ರೈಸ್ ಮಿಲ್ಲಿನಲ್ಲಿ ಬೆಳಿಗ್ಗೆ ಒಂದು ಎಲಿವೇಟರ್ ಮಾತ್ರ ಓಡುತ್ತದೆ, ಮಧ್ಯಾಹ್ನ ಎಲ್ಲ ಓಡುತ್ತದೆ, ರಾತ್ರಿ ಬಾಯ್ಲರ್ ಬ್ಲೋವರ್ ಒಂದೇ. "ಆಟೋಮ್ಯಾಟಿಕ್" ಅನ್ನುವುದರ ಬೆಲೆ ಇರುವುದೇ ಇಲ್ಲಿ: ರಿಲೇ ಲೋಡ್ ನೋಡಿಕೊಂಡು ಮೆಟ್ಟಿಲು ಸೇರಿಸುತ್ತದೆ, ತೆಗೆಯುತ್ತದೆ. ದೊಡ್ಡ ಮೆಟ್ಟಿಲುಗಳಷ್ಟೇ ಇದ್ದರೆ ಸಣ್ಣ ಲೋಡಿನಲ್ಲಿ ಅದು ಏನೂ ಮಾಡಲಾಗದೆ ಸುಮ್ಮನೆ ಕೂರುತ್ತದೆ. ಲೋಡ್ ಇಲ್ಲದಾಗಲೂ ಎಲ್ಲ ಕೆಪಾಸಿಟರ್ ಸೇರಿಕೊಂಡೇ ಇದ್ದರೆ ಪವರ್ ಫ್ಯಾಕ್ಟರ್ ಉಲ್ಟಾ ಬದಿಗೆ ವಾಲಿ (ಲೀಡಿಂಗ್) ವೋಲ್ಟೇಜ್ ಏರುತ್ತದೆ. ಜನರೇಟರ್ ಓಡುವಾಗ ಹಾಗಾದರೆ ಆಲ್ಟರ್ನೇಟರಿಗೇ ಕುತ್ತು. ಜನರೇಟರ್ ಮೇಲಿರುವಾಗ ಪ್ಯಾನೆಲ್ ತಾನಾಗಿ ಆಫ್ ಆಗುವಂತೆ ಇಂಟರ್‌ಲಾಕ್ ಕೊಡಿಸಿ.

ಕೊಟೇಶನ್ನಿನಲ್ಲಿ ಯಾರೂ ಬರೆಯದ ಒಂದು ವಿಷಯ ಇದೆ. ನಿಮ್ಮ ಮೀಟರ್ 11 ಕೆವಿ ಕಡೆ ಇದೆ, ಪ್ಯಾನೆಲ್ 415 ಕಡೆ. ನಡುವಿನ ಟ್ರಾನ್ಸ್‌ಫಾರ್ಮರ್ ಕೂಡ ತನ್ನ ಕಾಂತಕ್ಷೇತ್ರಕ್ಕೆ ಕೆವಿಎಆರ್ ಎಳೆಯುತ್ತದೆ, 250 ಕೆವಿಎದ್ದಾದರೆ ಸುಮಾರು 5. ಪೂರ್ತಿ ಲೋಡಿನಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ಮಿಲ್ ಬಂದ್ ಇರುವ ತಿಂಗಳಲ್ಲಿ ಆಫೀಸಿನ ಫ್ಯಾನು, ಗೇಟಿನ ದೀಪ ಸೇರಿ 2 ಕಿಲೋವ್ಯಾಟ್ ಓಡುತ್ತಿದ್ದರೆ, ಆ 5 ಕೆವಿಎಆರ್ ಪವರ್ ಫ್ಯಾಕ್ಟರನ್ನು 0.4ರ ಆಸುಪಾಸಿಗೆ ಎಳೆದುಬಿಡುತ್ತದೆ. ಪ್ಯಾನೆಲ್ಲಿನ ರಿಲೇಯಲ್ಲಿ 0.99 ಎಂದು ಹೊಳೆಯುತ್ತಿರುತ್ತದೆ, ಬಿಲ್ಲಿನಲ್ಲಿ ಅರ್ಧ! ಪ್ಯಾನೆಲ್ ಕೆಟ್ಟಿದೆ ಎಂದು ಜಗಳಕ್ಕೆ ಹೋದವರನ್ನು ನೋಡಿದ್ದೇನೆ. ಪರಿಹಾರ ಅಗ್ಗದ್ದು: ಟ್ರಾನ್ಸ್‌ಫಾರ್ಮರಿನ ಎಲ್‌ಟಿ (415 ವೋಲ್ಟ್) ಬದಿಗೆ, ರಿಲೇಗೆ ಕರೆಂಟ್ ಅಳೆದು ಕೊಡುವ ಸಿಟಿಗಿಂತ (ಕರೆಂಟ್ ಟ್ರಾನ್ಸ್‌ಫಾರ್ಮರ್) ಮುಂಚೆ, ಒಂದು 5 ಕೆವಿಎಆರ್ ಕೆಪಾಸಿಟರ್ ಖಾಯಂ ಆಗಿ ಕಟ್ಟಿಸಿ.

ಸಿಟಿ ಎಂದೆ. ಇಡೀ ಪ್ಯಾನೆಲ್ಲಿನ ಕಣ್ಣು ಅದೇ. ಕೆಲವು ವರ್ಷದ ಹಿಂದೆ ಒಂದು ಮಿಲ್ಲಿಗೆ ಹೋಗಿದ್ದೆ. ಪ್ಯಾನೆಲ್ ಹೊಸದು, ಬಾಗಿಲಿನ ಮೇಲಿನ ಕುಂಕುಮ ಇನ್ನೂ ಮಾಸಿರಲಿಲ್ಲ. ಎಲ್ಲ ಮೆಟ್ಟಿಲೂ ಹಗಲು ರಾತ್ರಿ ಆನ್. "ಸಾಹೇಬ್ರ, ಇದು ಒಮ್ಮೆ ಹತ್ತಿದ್ರ ಇಳಿಯೂದ ಇಲ್ರೀ" ಎಂದ ಅಲ್ಲಿನ ಎಲೆಕ್ಟ್ರಿಷಿಯನ್. ನೋಡಿದರೆ ಸಿಟಿಯನ್ನು ಮೇನ್ ಇನ್‌ಕಮರಿಗೆ ಹಾಕುವ ಬದಲು, ಪ್ಯಾನೆಲ್ಲಿಗೆ ಕೇಬಲ್ ಕವಲೊಡೆದ ಮೇಲೆ, ಬರೀ ಮೋಟಾರುಗಳ ಕಡೆ ಹೋಗುವ ಬಸ್‌ಬಾರಿಗೆ (ಕರೆಂಟ್ ಹಂಚುವ ಲೋಹದ ಪಟ್ಟಿಗೆ) ಹಾಕಿದ್ದರು. ರಿಲೇಗೆ ಮೋಟಾರಿನ ಕರೆಂಟ್ ಮಾತ್ರ ಕಾಣುತ್ತದೆ, ತಾನು ಸೇರಿಸಿದ ಕೆಪಾಸಿಟರಿನ ಪರಿಣಾಮ ಕಾಣುವುದೇ ಇಲ್ಲ. ಸೇರಿಸುತ್ತದೆ, ನೋಡುತ್ತದೆ, ಸರಿಯಾಗಿಲ್ಲ ಅನ್ನುತ್ತದೆ, ಇನ್ನೊಂದು ಸೇರಿಸುತ್ತದೆ. ಸಿಟಿಯನ್ನು ಎರಡು ಅಡಿ ಆಚೆ ಸರಿಸಿದೆವು, ಖಾಯಿಲೆ ವಾಸಿ. ಲೋಡೂ ಕೆಪಾಸಿಟರೂ ಎರಡೂ ಕಾಣುವ ಜಾಗದಲ್ಲಿ ಸಿಟಿ ಇರಬೇಕು. ಫೇಸ್ ಕೂಡ ಸರಿಯಾಗಿರಬೇಕು: ಸಾಮಾನ್ಯ ರಿಲೇಗಳಲ್ಲಿ ಸಿಟಿ ಆರ್ ಫೇಸಿಗೆ ಇದ್ದರೆ ವೋಲ್ಟೇಜನ್ನು ವೈ ಮತ್ತು ಬಿಯಿಂದ ತೆಗೆದಿರಬೇಕು.

ಈಗ 1.6 ಲಕ್ಷವೋ 2.75 ಲಕ್ಷವೋ. ನಿಮ್ಮ ಮಿಲ್ಲಿನಲ್ಲಿ ಡ್ರೈಯರ್ ಬ್ಲೋವರಿಗೆ, ಕಂಪ್ರೆಸರಿಗೆ ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚು ಕಡಿಮೆ ಮಾಡುವ ಡ್ರೈವ್) ಇದ್ದರೆ ಎರಡನೆಯದು. ವಿಎಫ್‌ಡಿಗಳು 50 ಹರ್ಟ್ಸ್‌ನ 5 ಪಟ್ಟು, 7 ಪಟ್ಟು ವೇಗದ ಕರೆಂಟನ್ನೂ ಲೈನಿಗೆ ಬಿಡುತ್ತವೆ, ಹಾರ್ಮೋನಿಕ್ಸ್ ಅನ್ನುವುದು ಇದಕ್ಕೇ. ಟ್ರಾನ್ಸ್‌ಫಾರ್ಮರ್ ಮತ್ತು ಕೆಪಾಸಿಟರ್ ಸೇರಿದಾಗ ಅವಕ್ಕೆ ತಮ್ಮದೇ ಒಂದು ಸ್ವರ ಇರುತ್ತದೆ, ಹಾರ್ಮೋನಿಕ್ ಆ ಸ್ವರಕ್ಕೆ ತಾಳೆಯಾದರೆ ಕರೆಂಟ್ ಹಲವು ಪಟ್ಟು ಉಬ್ಬುತ್ತದೆ. ನಿಮ್ಮ ಲೆಕ್ಕವನ್ನೇ ಹಾಕೋಣ: 250 ಕೆವಿಎ ಟ್ರಾನ್ಸ್‌ಫಾರ್ಮರಿಗೆ ಇಂಪಿಡೆನ್ಸ್ ಶೇ 4.5 ಎಂದು ಹಿಡಿದರೆ ಶಾರ್ಟ್ ಸರ್ಕ್ಯೂಟ್ ಸಾಮರ್ಥ್ಯ ಸುಮಾರು 5,555 ಕೆವಿಎ. ಅದನ್ನು 100 ಕೆವಿಎಆರ್‌ನಿಂದ ಭಾಗಿಸಿ ವರ್ಗಮೂಲ ತೆಗೆದರೆ 7.45. ಏಳನೆಯ ಹಾರ್ಮೋನಿಕ್‌ಗೆ ಅಂಟಿಕೊಂಡಂತೆಯೇ ಇದೆ. ಬರೀ ಕೆಪಾಸಿಟರಿನ ಪ್ಯಾನೆಲ್ ಹಾಕಿ ಒಂದೇ ವರ್ಷದಲ್ಲಿ ಎಲ್ಲ ಉಬ್ಬಿ ಕೂತವು ಎಂದು ದೂರುವವರ ಕಥೆ ಬಹಳ ಸಲ ಇದೇ. ಶೇ 7ರ ರಿಯಾಕ್ಟರ್, ಅಂದರೆ ಕೆಪಾಸಿಟರಿನ ಜೊತೆ ಸರಣಿಯಲ್ಲಿ ಕೂರಿಸುವ ಸುರುಳಿ, ಸೇರಿಸಿದರೆ ಆ ಸ್ವರ 189 ಹರ್ಟ್ಸ್‌ಗೆ ಇಳಿಯುತ್ತದೆ, ಐದನೆಯದಕ್ಕೂ (250 ಹರ್ಟ್ಸ್) ಕೆಳಗೆ, ಅಪಾಯದ ಜಾಗದಿಂದ ದೂರ.

ಆದರೆ ರಿಯಾಕ್ಟರ್ ಹಾಕಿದರೆ ಕೆಪಾಸಿಟರಿನ ಮೇಲಿನ ವೋಲ್ಟೇಜ್ 415ರಿಂದ 446ಕ್ಕೆ ಏರುತ್ತದೆ. ಆದ್ದರಿಂದ ಕೆಪಾಸಿಟರ್ 440ರದ್ದಾದರೆ ಆಗದು, 480 ಅಥವಾ 525 ವೋಲ್ಟಿನದೇ ಬೇಕು. ಕೊಟೇಶನ್ನಿನಲ್ಲಿ ಈ ಒಂದು ಸಂಖ್ಯೆ ಇಲ್ಲದಿದ್ದರೆ ಬರೆಸಿಕೊಳ್ಳಿ. ಹಾಗೆಯೇ "100 ಕೆವಿಎಆರ್" ಅನ್ನುವುದು 415 ವೋಲ್ಟಿನಲ್ಲಿ ನಿಜವಾಗಿ ಸಿಗುವುದೋ, ಡಬ್ಬಿಯ ಮೇಲೆ ಬರೆದದ್ದೋ ಎಂದೂ ಕೇಳಿ. ಹಳೆಯ ಮೂರು ಕೆಪಾಸಿಟರುಗಳಲ್ಲಿ ಜೀವ ಇದ್ದರೂ ಅದೇ ಬಸ್‌ಬಾರಿನಲ್ಲಿ ಉಳಿಸಬೇಡಿ. ರಿಯಾಕ್ಟರ್ ಇರುವ ಮತ್ತು ಇಲ್ಲದ ಕೆಪಾಸಿಟರುಗಳು ಒಟ್ಟಿಗೆ ಸಂಸಾರ ಮಾಡುವುದಿಲ್ಲ. ವಿಎಫ್‌ಡಿಯಿಂದ ಮೋಟಾರಿಗೆ ಹೋಗುವ ಕಡೆಯಂತೂ ಕೆಪಾಸಿಟರ್ ಕಟ್ಟಲೇಬಾರದು. ವಿಎಫ್‌ಡಿ ಒಂದೂ ಇಲ್ಲ, ಇರುವುದೆಲ್ಲ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಎಂದಾದರೆ ಮೊದಲ ಕೊಟೇಶನ್ ಸಾಕು, ಆದರೂ ಒಂದು ದಿನ ಪವರ್ ಅನಲೈಸರ್ ಇಡಿಸಿ ಅಳೆದು ನಿರ್ಧರಿಸಿ.

2.75 ಲಕ್ಷ ಯಾವಾಗ ವಾಪಸ್? ದಂಡ ಒಂದರಿಂದಲೇ ಆದರೆ ಮಿಲ್ ಓಡುವ 19 ತಿಂಗಳು. ಕಾಂಟ್ರ್ಯಾಕ್ಟ್ ಡಿಮ್ಯಾಂಡನ್ನೂ ಇಳಿಸಿದರೆ ಸುಮಾರು 11 ತಿಂಗಳು.

ಸೋಲಾರ್ ವಿಚಾರವನ್ನು ನೀವು ಕೊನೆಗೆ ಒಂದು ಸಾಲಿನಲ್ಲಿ ಬರೆದಿದ್ದೀರಿ, ನನಗೆ ಅದೇ ದೊಡ್ಡದಾಗಿ ಕಂಡಿತು. ಇನ್ವರ್ಟರುಗಳು ಸಾಮಾನ್ಯವಾಗಿ ಬರೀ ಕಿಲೋವ್ಯಾಟ್ ಕೊಡುತ್ತವೆ, ಕೆವಿಎಆರ್ ಕೊಡುವುದಿಲ್ಲ. ಮಧ್ಯಾಹ್ನ ನಿಮ್ಮ 132 ಕಿಲೋವ್ಯಾಟಿನಲ್ಲಿ 60 ಸೋಲಾರ್‌ನಿಂದ ಬಂತು ಎಂದುಕೊಳ್ಳಿ. ಗ್ರಿಡ್‌ನಿಂದ ಬರುವುದು 72 ಕಿಲೋವ್ಯಾಟ್. ಆದರೆ ಮೋಟಾರುಗಳಿಗೆ ಬೇಕಾದ 106 ಕೆವಿಎಆರ್ ಪೂರ್ತಿ ಗ್ರಿಡ್‌ನಿಂದಲೇ. ಮೀಟರಿನಲ್ಲಿ ಪವರ್ ಫ್ಯಾಕ್ಟರ್ 0.56! ಮೋಟಾರು, ಕೆಲಸ ಯಾವುದೂ ಬದಲಾಗಿಲ್ಲ, ಮೇಲೆ ಬಿಸಿಲು ಬಿದ್ದದ್ದಕ್ಕೆ ದಂಡ. ಹೀಗಾಗಿ ಎಪಿಎಫ್‌ಸಿ ಇಲ್ಲದೆ ಸೋಲಾರ್ ಹಾಕಿಸಲೇಬೇಡಿ. ಗ್ರಿಡ್‌ನಿಂದ 72 ಕಿಲೋವ್ಯಾಟ್ ಮಾತ್ರ ಬರುತ್ತಿರುವಾಗ 0.98 ತಲುಪಲು ಬೇಕಾಗುವುದು 79 ಅಲ್ಲ, 91 ಕೆವಿಎಆರ್, ಅದಕ್ಕೂ 100ರ ಪ್ಯಾನೆಲ್ ಸಾಲುತ್ತದೆ. ಸಿಟಿ ಮಾತ್ರ ಸೋಲಾರ್ ಕೇಬಲ್ ಬಂದು ಸೇರುವ ಜಾಗಕ್ಕಿಂತ ಟ್ರಾನ್ಸ್‌ಫಾರ್ಮರಿನ ಕಡೆಗಿರಲಿ. ಭಾನುವಾರ ಮಿಲ್ ಬಂದ್ ಆಗಿ ಕರೆಂಟ್ ಉಲ್ಟಾ ಗ್ರಿಡ್ಡಿಗೆ ಹೋಗುವಾಗಲೂ ತಲೆ ಕೆಡಿಸಿಕೊಳ್ಳದ "ಫೋರ್ ಕ್ವಾಡ್ರಂಟ್" ರಿಲೇಯನ್ನು ಈಗಲೇ ಹಾಕಿಸಿಬಿಡಿ, ಆಮೇಲೆ ಬದಲಿಸುವ ಖರ್ಚು ಉಳಿಯುತ್ತದೆ.

ನಿಜವಾಗಿ ಯೂನಿಟ್ ಇಳಿಸಬೇಕೆಂದಿದ್ದರೆ ಪ್ಯಾನೆಲ್ ರೂಮು ಬಿಟ್ಟು ಮಿಲ್ಲಿನೊಳಗೆ ಒಂದು ಸುತ್ತು ಹಾಕಿ. ಭತ್ತ ಬೀಳದಿದ್ದರೂ ತಿರುಗುತ್ತಿರುವ ಎಲಿವೇಟರ್, ನಾಲ್ಕು ಸಲ ರಿವೈಂಡ್ ಆದ ಮೋಟಾರು, ಸಾರ್ಟೆಕ್ಸ್‌ಗೆ (ಬಣ್ಣ ನೋಡಿ ಅಕ್ಕಿ ಆರಿಸುವ ಯಂತ್ರಕ್ಕೆ) ಹೋಗುವ ಏರ್ ಪೈಪಿನಲ್ಲಿ ಸುಯ್ ಎನ್ನುವ ಸೋರಿಕೆ, 15 ಎಚ್‌ಪಿ ಕೆಲಸಕ್ಕೆ ಕೂರಿಸಿದ 40 ಎಚ್‌ಪಿ ಮೋಟಾರ್. ಈ ಕೊನೆಯದು ಪವರ್ ಫ್ಯಾಕ್ಟರನ್ನೂ ಕೆಡಿಸುತ್ತದೆ: ಅರೆಹೊಟ್ಟೆಯಲ್ಲಿ ಓಡುವ ಮೋಟಾರಿನ ಕಾಂತಕ್ಷೇತ್ರಕ್ಕೆ ಬೇಕಾದ ಕರೆಂಟ್ ಕಡಿಮೆಯಾಗುವುದಿಲ್ಲ, ಕೆಲಸದ ಕರೆಂಟ್ ಮಾತ್ರ ಕಡಿಮೆಯಾಗುತ್ತದೆ.

ಪ್ಯಾನೆಲ್ಲನ್ನು ಪಾಲಿಶರಿನ ಹತ್ತಿರ ಇಡಬೇಡಿ. ತೌಡಿನ ಧೂಳು ಫ್ಯಾನಿನ ಫಿಲ್ಟರಿಗೆ ಹೋಳಿಗೆಯಂತೆ ಮೆತ್ತಿಕೊಳ್ಳುತ್ತದೆ, ನಮ್ಮ ಕಡೆಯ ಏಪ್ರಿಲ್ ಬಿಸಿಲು ಸೇರಿದರೆ ಕೆಪಾಸಿಟರಿನ ಆಯಸ್ಸು ಅರ್ಧಕ್ಕರ್ಧ ಹೋಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಒಂದು ನೋಟ್‌ಬುಕ್ ಕೊಟ್ಟು ಪ್ರತಿ ತಿಂಗಳು ಫಿಲ್ಟರ್ ಜಾಡಿಸಿ, ಪ್ರತಿ ಮೆಟ್ಟಿಲಿನ ಮೂರೂ ಫೇಸಿನ ಆಂಪ್ಸ್ ಬರೆದಿಡಲು ಹೇಳಿ. ಮೊದಲ ದಿನ ಬರೆದ ಸಂಖ್ಯೆಗಿಂತ ಹತ್ತಕ್ಕೆ ಒಂದು ಪಾಲು ಇಳಿದ ಕೆಪಾಸಿಟರ್ ಮೇಲೆ ಕಣ್ಣಿಡಿ, ತಲೆ ಉಬ್ಬಿದ್ದನ್ನು ಅವತ್ತೇ ತೆಗೆಸಿ.

ಮುಂದಿನ ಸೀಸನ್ನಿನ ನಾಲ್ಕು ಬಿಲ್ ಬಂದ ಮೇಲೆ ರೆಕಾರ್ಡೆಡ್ ಡಿಮ್ಯಾಂಡ್ ಸಾಲನ್ನು ಬರೆದು ಕಳಿಸಿ. ಕಾಂಟ್ರ್ಯಾಕ್ಟ್ ಡಿಮ್ಯಾಂಡ್ 160ಕ್ಕೆ ಸಾಕೋ, 150ಕ್ಕೂ ಇಳಿಸಬಹುದೋ ಎಂದು ಆಗ ಹೇಳುತ್ತೇನೆ.